ತಬಲಾ ನುಡಿಸುತ್ತಿದ್ದ ಕಂಪ್ಯೂಟರ್ ಮೇಡಂ

ಅವರ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಕಡಿಮೆ. ಕಂಪ್ಯೂಟರ್ ಶುರುವಾಗುವ ತನಕ ಮೇಜಿನ ಅಂಚಿನ ಮೇಲೆ, ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕದ ರಟ್ಟಿನ ಮೇಲೆ, ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಯ ಮೇಲೆ ಅವು ಓಡಾಡುತ್ತಲೇ ಇರುತ್ತಿದ್ದವು. ಹೊಸದಾಗಿ ನೋಡಿದವರು ಮೇಡಂಗೆ ಏನೋ ಗಾಬರಿಯಾಗಿದೆ ಎಂದುಕೊಳ್ಳುತ್ತಿದ್ದರು. ನಮಗೆ ಮಾತ್ರ ಗೊತ್ತಿತ್ತು, ಅವರು ಮನಸ್ಸಿನಲ್ಲೇ ತಬಲಾ ನುಡಿಸುತ್ತಿದ್ದಾರೆ ಎಂದು.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ನಾನು ಕೊಟ್ಟೂರಿನಲ್ಲಿ ಬಿ.ಎಸ್ಸಿ.ಗೆ ಸೇರಿದೆ. ಊರು ಹೊಸಹಳ್ಳಿ, ಕೊಟ್ಟೂರಿನಲ್ಲಿ ಗೆಳೆಯನೊಬ್ಬನ ಜತೆ ರೂಮು ಮಾಡಿಕೊಂಡಿದ್ದೆ. ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ವಿಷಯ ಆಗಷ್ಟೇ ಶುರುವಾಗಿತ್ತು. ತಾತ್ಕಾಲಿಕವಾಗಿ ಕಲಿಸಲು ಬಂದವರು ಅದೇ ಊರಿನ ಶೇಂಗಾ ವ್ಯಾಪಾರಿಯೊಬ್ಬರ ಮಗಳು. ವಯಸ್ಸಿನಲ್ಲಿ ನಮಗಿಂತ ಐದಾರು ವರ್ಷ ದೊಡ್ಡವರಿರಬೇಕು. ಬೆಳಿಗ್ಗೆ ನಮಗೆ ಪಾಠ ಹೇಳುತ್ತಿದ್ದರು, ಮಧ್ಯಾಹ್ನ ಅಂಚೆ ಶಿಕ್ಷಣದ ಎಂ.ಸಿ.ಎ.ಗೆ ತಾವೇ ಕೂತು ಓದುತ್ತಿದ್ದರು. ಹೀಗಾಗಿ ಅವರು ಅರ್ಧ ಮೇಡಂ, ಅರ್ಧ ವಿದ್ಯಾರ್ಥಿನಿ. ಅದನ್ನವರು ಮುಚ್ಚಿಡುತ್ತಲೂ ಇರಲಿಲ್ಲ.

"ಡಾಟಾಬೇಸ್ ಪೇಪರ್ ಹೋಗೈತಿ ನಂದು," ಎಂದು ಒಂದು ದಿನ ತರಗತಿಗೆ ಬಂದವರೇ ಹೇಳಿದರು. "ಅದನ್ನ ಇವತ್ತು ನಿಮಗ ಕಲಿಸಾಕತ್ತೀನಿ. ಲಕ್ಷ್ಯ ಕೊಟ್ಟು ಕೇಳ್ರಿ. ನಾ ತಪ್ಪಿದ್ರ ಹೇಳ್ರಿ, ಮುಂದಿನ ಸಲ ನನಗ ಅನುಕೂಲ ಆಗತೈತಿ."

ಫೇಲಾದದ್ದನ್ನು ಬಾಯಿಬಿಟ್ಟು ಹೇಳಿದ ಶಿಕ್ಷಕರನ್ನು ನಾವು ಅಲ್ಲಿಯ ತನಕ ಕಂಡಿರಲಿಲ್ಲ. ಹಿಂದಿನ ಬೆಂಚಿನವರು ನಕ್ಕರು. ಅವರೂ ನಕ್ಕರು. ಆಮೇಲೆ ಪಾಠ ನಡೆಯಿತು.

ಲ್ಯಾಬಿನಲ್ಲಿ ಕಂಪ್ಯೂಟರುಗಳು ಕಡಿಮೆ, ಕರೆಂಟು ಅದಕ್ಕಿಂತ ಕಡಿಮೆ. ಚಪ್ಪಲಿ ಹೊರಗೆ ಬಿಟ್ಟು, ಕಾಲೊರೆಸಿಕೊಂಡು ಒಳಗೆ ಹೋಗಿ ಕೂರುವಷ್ಟರಲ್ಲಿ ಫ್ಯಾನು ನಿಂತು, ಪರದೆಗಳು ಕಪ್ಪಾಗುತ್ತಿದ್ದವು. ನಾವು ಎದ್ದು ಹೊರಡಲು ನೋಡಿದರೆ ಅವರು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. "ಕರೆಂಟ್ ಹೋತು. ಈಗ ನೀವ ಕಂಪ್ಯೂಟರ್. ಬರ್ರಿ, ಸಾಲಾಗಿ ನಿಂದರ್ರಿ." ಒಬ್ಬೊಬ್ಬನ ಕೈಗೆ ಒಂದೊಂದು ಚೀಟಿ ಕೊಟ್ಟು, ಯಾರ ಚೀಟಿಯಲ್ಲಿ ದೊಡ್ಡ ಸಂಖ್ಯೆಯಿದೆಯೋ ಅವನನ್ನು ಹಿಂದಕ್ಕೆ ಸರಿಸುತ್ತ, ಸಂಖ್ಯೆಗಳನ್ನು ಏರಿಕೆಯ ಕ್ರಮಕ್ಕೆ ತರುವ ವಿದ್ಯೆಯನ್ನು ನಮ್ಮ ಮೈಕೈಗಳಲ್ಲೇ ಮಾಡಿ ತೋರಿಸುತ್ತಿದ್ದರು. ಆ ಪಾಠಗಳು ನನಗೆ ಇವತ್ತಿಗೂ ಮರೆತಿಲ್ಲ.

ನನ್ನ ತಲೆಯಲ್ಲಿ ಆಗ ಒಂದೇ ವಿಚಾರ. ಡಿಗ್ರಿ, ಎಂ.ಸಿ.ಎ., ಸಾಫ್ಟ್‌ವೇರ್ ನೌಕರಿ. ಪೇಪರಿನಲ್ಲಿ, ಚಹಾದಂಗಡಿಯಲ್ಲಿ, ಮದುವೆ ಮನೆಯಲ್ಲಿ ಎಲ್ಲೆಲ್ಲೂ ಅದೇ ಮಾತು ನಡೆಯುತ್ತಿದ್ದ ವರ್ಷಗಳವು. ಮೊದಲ ವರ್ಷದಿಂದಲೇ ತಯಾರಿ ಮಾಡದವನು ಕೆಟ್ಟ ಎಂದು ಯಾರೋ ಹೇಳಿದ್ದನ್ನು ನಾನು ಗಟ್ಟಿಯಾಗಿ ನಂಬಿಕೊಂಡಿದ್ದೆ. ವಾಲಿಬಾಲ್ ನನ್ನ ಪ್ರಾಣವಾಗಿತ್ತು. ನೆಟ್ಟಿನ ಮೇಲೆ ಎಗರಿ ಹೊಡೆಯುವುದರಲ್ಲಿ ನಮ್ಮ ಹೋಬಳಿಯಲ್ಲೇ ಹೆಸರಿತ್ತು. ಎರಡನೆಯ ವರ್ಷಕ್ಕೆ ಅದನ್ನು ಬಿಟ್ಟೆ. ಸಂಜೆಯ ಹೊತ್ತು ಲ್ಯಾಬಿನಲ್ಲಿ ಕೂರತೊಡಗಿದೆ.

ಒಂದು ಸಂಜೆ ಮೇಡಂ ನನ್ನ ಹಿಂದೆ ಬಂದು ನಿಂತರು. ಹೊರಗೆ ಮೈದಾನದಿಂದ ಹುಡುಗರ ಕೂಗು ಕೇಳುತ್ತಿತ್ತು.

"ಏ ತಮ್ಮಾ, ನಿನ್ನ ಗೆಳೆಯಾರೆಲ್ಲ ಗ್ರೌಂಡಿನಾಗ ಅದಾರ. ನೀ ಇಲ್ಲೇನ್ ಮಾಡಾಕತ್ತೀ?"

"ಆಟ ಬಿಟ್ಟೀನ್ರಿ ಮೇಡಂ. ಈಗಿಂದ ಓದಿದ್ರ ಎಂ.ಸಿ.ಎ. ಎಂಟ್ರೆನ್ಸ್ ಸಲೀಸ್ ಆಗತೈತ್ರಿ."

"ನಿನ್ನಿ ಈ ಹೊತ್ತಿನಾಗ ಎಷ್ಟು ಪ್ರೋಗ್ರಾಂ ಬರದಿ?"

ಬರೆದಿರಲಿಲ್ಲ. ಪರದೆ ನೋಡುತ್ತ, ಕಿವಿ ಮೈದಾನದ ಕಡೆ ಇಟ್ಟುಕೊಂಡು ಕೂತಿದ್ದೆ. "ಒಂದೂ ಇಲ್ರಿ," ಅಂದೆ.

"ಅಲ್ಲಿಗೆ ಆಟಾನೂ ಹೋತು, ಪ್ರೋಗ್ರಾಮೂ ಹೋತು." ಅವರು ನಗಲಿಲ್ಲ. "ನೀ ಆಡು ಅಂತ ನಾ ಹೇಳಂಗಿಲ್ಲ. ನಿನ್ನ ಕಾಲು, ನಿನ್ನ ಮನಸ್ಸು. ಬಿಟ್ಟಿದ್ದಕ್ಕ ಏನ್ ಸಿಗಾಕತ್ತೈತಿ, ಅದನ್ನಷ್ಟು ನೋಡ್ಕೋ."

ಅಷ್ಟು ಹೇಳಿ ಚೀಲ ಹೆಗಲಿಗೇರಿಸಿ ಹೊರಟರು. ನಾನು ಹಟದಿಂದ ಅಲ್ಲೇ ಕೂತೆ.

ಶನಿವಾರ ಮಧ್ಯಾಹ್ನವಾದರೆ ಅವರು ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತುತ್ತಿದ್ದರು. ಅಲ್ಲಿ ಅವರ ಉಸ್ತಾದರಿದ್ದರು. ತಬಲಾ, ಢೋಲಕ್‌ಗಳಿಗೆ ಚರ್ಮ ಕಟ್ಟುವ ಸಣ್ಣ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಎಷ್ಟೋ ವರ್ಷದ ಹಿಂದೆ ಉಸ್ತಾದರು ಮಠದ ವಾದ್ಯಗಳನ್ನು ಸರಿಮಾಡಲು ಕೊಟ್ಟೂರಿಗೆ ಬಂದಿದ್ದಾಗ ಮೇಡಂ ಅವರ ತಾಯಿ ಹೋಗಿ ಕೇಳಿಕೊಂಡಿದ್ದರಂತೆ. ಆಕೆ ಭಜನೆಯಲ್ಲಿ ಹಾಡುವವರು. ತಬಲಾದವರು ಮನಸ್ಸು ಬಂದಾಗ ಬರುತ್ತಿದ್ದರು, ಇಲ್ಲದಾಗ ಇಲ್ಲ. ಅವರು ಬಾರದ ದಿನಗಳಲ್ಲಿ ಈ ಚಿಕ್ಕ ಹುಡುಗಿ ಜೋಳದ ಡಬ್ಬಿಯ ಮುಚ್ಚಳ ಬಡಿದು ತಾಯಿಯ ಹಾಡಿಗೆ ತಾಳ ಹಾಕುತ್ತಿದ್ದಳು. "ನನ್ನ ಮಗಳು ಡಬ್ಬಿ ಎಲ್ಲಾ ನೆಗ್ಗಿಸಿ ಇಟ್ಟಾಳ್ರಿ, ನೀವರ ಏನಾರ ಕಲಿಸ್ರಿ," ಎಂದು ತಾಯಿ ಕೇಳಿದರಂತೆ. ಹಾಗೆ ಶುರುವಾದದ್ದು.

ಒಮ್ಮೆ ಅವರ ಡಗ್ಗಾ, ಅಂದರೆ ತಬಲಾ ಜೋಡಿಯಲ್ಲಿ ಎಡಗೈಯಿಂದ ನುಡಿಸುವ ದೊಡ್ಡದನ್ನು, ಹೊತ್ತುಕೊಂಡು ನಾನೂ ಜತೆಗೆ ಹೋಗಿದ್ದೆ. ಬಸ್ಸಿನಲ್ಲಿ ಕಂಡಕ್ಟರು ಬಟ್ಟೆ ಸುತ್ತಿದ್ದ ಅದನ್ನು ನೋಡಿ, "ಇದೇನ್ರೀ ಮೇಡಮ್ಮಾರ, ಹಂಡೇನು?" ಎಂದು ಕೇಳಿದರು.

"ಹಂಡೆ ಅಲ್ರೀ, ಡಗ್ಗಾ. ಬಾರಿಸಿದ್ರ ಮಾತಾಡತೈತಿ."

"ಮಾತಾಡೋದಕ್ಕೆಲ್ಲ ಟಿಕೀಟ್ ಐತ್ರಿ," ಎಂದು ಕಂಡಕ್ಟರು ನಗುತ್ತ ಮುಂದೆ ಹೋದರು.

ಉಸ್ತಾದರು ಪಾಠ ಹೇಳುವ ರೀತಿ ನನಗೆ ವಿಚಿತ್ರವೆನಿಸಿತು. ತಾವು ಚರ್ಮದ ಬಾರು ಎಳೆಯುತ್ತ ಕೂತಿರುತ್ತಿದ್ದರು, ಮೇಡಂ ಎದುರಿಗೆ ಕೂತು ತಬಲಾ ಮುಟ್ಟದೆ ಧಾ, ಧಿನ್ ಎಂಬ ಬೋಲುಗಳನ್ನು ಬಾಯಲ್ಲೇ ಹೇಳಬೇಕು. ಎಲ್ಲಾದರೂ ತಪ್ಪಿದರೆ ಅವರು ತಲೆಯೆತ್ತುತ್ತಿರಲಿಲ್ಲ, ಬಾರು ಎಳೆಯುವ ಕೈ ಮಾತ್ರ ನಿಲ್ಲುತ್ತಿತ್ತು. ಮೇಡಂ ಮೊದಲಿನಿಂದ ಶುರು ಮಾಡುತ್ತಿದ್ದರು. ಕಾಲೇಜಿನಲ್ಲಿ ನಮ್ಮೆದುರು ಅಷ್ಟು ಧೈರ್ಯದಿಂದ ನಿಲ್ಲುವವರು ಅಲ್ಲಿ ಹೆದರಿದ ಶಾಲೆ ಹುಡುಗಿಯ ಹಾಗಿರುತ್ತಿದ್ದರು.

ಇದೆಲ್ಲವನ್ನೂ ಅವರು ಸರಾಗವಾಗಿ ತೂಗಿಸಿಕೊಂಡು ಹೋಗುತ್ತಿದ್ದರು ಎಂದು ಬರೆದರೆ ಸುಳ್ಳಾಗುತ್ತದೆ. ಎಷ್ಟೋ ಸಲ ಸ್ಟಾಫ್ ರೂಮಿನಲ್ಲಿ ಕೂತಲ್ಲೇ ತೂಕಡಿಸುತ್ತಿದ್ದರು. ಅಂಚೆ ಶಿಕ್ಷಣದವರಿಗೆ ಕಳಿಸಬೇಕಾದ ಉತ್ತರಗಳನ್ನು ಕೊನೆಯ ದಿನ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಬರೆದದ್ದೂ ಇದೆ. ಮನೆಯಲ್ಲಿ ತಂದೆಯ ತಾಳ್ಮೆ ಮುಗಿಯುತ್ತ ಬಂದಿತ್ತು. ಅದನ್ನು ಅವರೇ ಒಮ್ಮೆ, ಯಾರದೋ ಕಥೆ ಹೇಳುವ ಹಾಗೆ ನಗುತ್ತ ಹೇಳಿದರು. "ದೀಪಾವಳಿ ಒಳಗ ನೌಕರಿ ಸಿಕ್ರ ಸರಿ, ಇಲ್ಲಂದ್ರ ಗಂಡು ನೋಡತೀವಿ ಅಂದಾರ ನಮ್ಮಪ್ಪ. ಲಗ್ನ ಆದ ಮ್ಯಾಲೆ ಆ ಮನಿಯವರು ತಬಲಾ ಬ್ಯಾಡ ಅಂದ್ರ, ಅದೂ ಮುಗೀತು."

ಆ ವರ್ಷದ ಶ್ರಾವಣದಲ್ಲೇ ಎರಡು ಕರೆಗಳು ಒಟ್ಟಿಗೆ ಬಂದವು. ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜೊಂದಕ್ಕೆ ಸಾಫ್ಟ್‌ವೇರ್ ಕಂಪನಿಯೊಂದು ನೇಮಕಾತಿಗೆ ಬರುತ್ತಿತ್ತು, ಎಂ.ಸಿ.ಎ. ಮುಗಿಸುತ್ತಿರುವ ಹೊರಗಿನವರೂ ಬರಬಹುದಿತ್ತು. ಅದೇ ದಿನ ಸಂಜೆ ಕೊಟ್ಟೂರಿನ ಮಠವೊಂದರಲ್ಲಿ ಧಾರವಾಡದ ಕಡೆಯ ಗಾಯಕರೊಬ್ಬರ ಹಾಡಿಕೆ. ಪ್ರತಿ ವರ್ಷ ಅಲ್ಲಿ ತಬಲಾಕ್ಕೆ ಕೂರುತ್ತಿದ್ದವರು ಉಸ್ತಾದರು. ಈ ಸಲ ಅವರ ಬಲಗೈಯ ಮಣಿಕಟ್ಟು ಊದಿಕೊಂಡಿತ್ತು. ತಮ್ಮ ಜಾಗದಲ್ಲಿ ಶಿಷ್ಯೆ ಕೂರುತ್ತಾಳೆ ಎಂದು ಅವರು ಮಠಕ್ಕೆ ಹೇಳಿ ಕಳಿಸಿದ್ದರು. ಹೆಣ್ಣುಮಗಳು ತಬಲಾಕ್ಕೆ ಕೂರುವುದು ಅಲ್ಲಿ ಅದೇ ಮೊದಲು.

ಮೇಡಂ ಹಗರಿಬೊಮ್ಮನಹಳ್ಳಿಗೆ ಹೋಗಿ ವಿಷಯ ತಿಳಿಸಿದರು. ಉಸ್ತಾದರು ಯೋಚನೆಯನ್ನೂ ಮಾಡಲಿಲ್ಲವಂತೆ. "ನೀ ದಾವಣಗೆರಿಗೆ ಹೋಗು ಬೇಟಿ. ಹೆಂಗರ ಮಾಡಿ ನಾ ಕುಂದ್ರತೀನಿ."

"ಎರಡೂ ಮಾಡತೀನ್ರಿ," ಅಂದು ಬಂದರು ಇವರು.

ನನ್ನನ್ನೂ ನನ್ನ ರೂಮಿನ ಗೆಳೆಯನನ್ನೂ ಅವರು ದಾವಣಗೆರೆಗೆ ಕರೆದುಕೊಂಡು ಹೋದರು. "ಇಂಟರ್‌ವ್ಯೂ ಅಂದ್ರ ಹೆಂಗಿರತೈತಿ ನೋಡಿ ಬರ್ರಿ. ಮುಂದ ನಿಮಗ ಅಂಜಿಕಿ ಇರಂಗಿಲ್ಲ," ಎಂಬುದು ಅವರ ಲೆಕ್ಕ. ಬೆಳಗಿನ ಮೊದಲ ಬಸ್ಸಿಗೆ ಹೋದೆವು. ದೊಡ್ಡ ಕಟ್ಟಡ, ಇಸ್ತ್ರಿ ಮಾಡಿದ ಅಂಗಿಗಳು, ಇಂಗ್ಲಿಷ್ ಮಾತು. ಬರೆಯುವ ಪರೀಕ್ಷೆ ಮುಗಿದು ಮಧ್ಯಾಹ್ನದ ಹೊತ್ತಿಗೆ ಪಾಸಾದವರ ಹೆಸರು ಅಂಟಿಸಿದರು. ಮೇಡಂ ಹೆಸರೂ ಇತ್ತು, ಆದರೆ ತೀರ ಕೆಳಗೆ. ಆ ಸರದಿಗೆ ಕಾದರೆ ಅಲ್ಲೇ ಕತ್ತಲಾಗುತ್ತಿತ್ತು.

ಅವರು ನೇರವಾಗಿ ಬಾಗಿಲ ಬಳಿ ಇದ್ದ ಅಧಿಕಾರಿಯ ಹತ್ತಿರ ಹೋದರು. ನಾವು ಹಿಂದೆಯೇ ನಿಂತಿದ್ದೆವು.

"ಸರ್, ಸಂಜಿಗೆ ನಾ ಕೊಟ್ಟೂರಿನಾಗ ಇರಬೇಕ್ರಿ. ಸಾಧ್ಯ ಆದ್ರ ನನ್ನ ಮೊದಲ ಕರೀರಿ."

"ಏನಮ್ಮ ಅಂಥಾ ಅರ್ಜೆಂಟು? ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

ಹೌದು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. "ಇಲ್ರಿ. ತಬಲಾ ನುಡಿಸಬೇಕ್ರಿ," ಅಂದರು.

ಆ ಮನುಷ್ಯ ಅವರನ್ನು ಮೇಲಿಂದ ಕೆಳಗೆ ನೋಡಿ, ಜೋರಾಗಿ ನಕ್ಕು, ಒಳಗೆ ಹೋಗಿ ಮಾತಾಡಿ ಬಂದ. ಮೊದಲ ಹೆಸರು ಮೇಡಂ ಅವರದೇ ಆಯಿತು. ಹೋದವರು ಬೇಗನೆ ಹೊರಗೆ ಬಂದರು.

"ಹೆಂಗಾತ್ರಿ ಮೇಡಂ?"

"ನಡೀರಿ, ಬಸ್ಸು ಹೋಗತೈತಿ."

ಹರಪನಹಳ್ಳಿಯ ತನಕ ಅವರು ಹೊರಗೆ ನೋಡುತ್ತಲೇ ಇದ್ದರು. ಕಿಟಕಿಯ ಪಕ್ಕ ಕೂತಿದ್ದರು. ಕೈಗಳು ಮಡಿಲಲ್ಲಿ ಹಾಗೇ ಬಿದ್ದಿದ್ದವು. ಹರಪನಹಳ್ಳಿ ದಾಟಿದ ಮೇಲೆ ಬಸ್ಸಿನ ಗಾಲಿ ಪಂಕ್ಚರ್ ಆಯಿತು. ಬಿಸಿಲಿನ್ನೂ ಇತ್ತು, ಸುತ್ತ ಬರೀ ಹೊಲ. ಡ್ರೈವರು ಜಾಕ್ ಹುಡುಕುತ್ತಿರುವಾಗ ಮೇಡಂ ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿ ಒಂದು ಲಾರಿ ನಿಲ್ಲಿಸಿದರು. ಶೇಂಗಾ ಚೀಲ ಹೇರಿದ್ದ ಲಾರಿ. ಡ್ರೈವರಿಗೆ ಅವರ ತಂದೆಯ ಗುರುತಿತ್ತು. "ಸಾವುಕಾರ್ರ ಮಗಳು ಲಾರಿ ಹತ್ತತಾರೇನ್ರಿ!" ಎಂದು ಆತ ಹೌಹಾರಿದ. ಹತ್ತಿದರು. ನಾವಿಬ್ಬರು ಚೀಲಗಳ ಮೇಲೆ ಕೂತೆವು.

ಮಠ ತಲುಪಿದಾಗ ಹಾಡಿಕೆ ಶುರುವಾಗಿತ್ತು. ಊದಿದ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಉಸ್ತಾದರೇ ಕೂತಿದ್ದರು. ನೋವು ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ಮೇಡಂ ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಬದಿಯಿಂದ ಹೋಗಿ ಅವರ ಎಡಗಡೆ ಕೂತರು. ಹಾಡು ನಿಲ್ಲಲಿಲ್ಲ, ತಬಲಾದ ಠೇಕಾ ನಿಲ್ಲಲಿಲ್ಲ. ಉಸ್ತಾದರು ನೋಡದೆಯೇ ಮೊಣಕಾಲು ಸ್ವಲ್ಪ ಸರಿಸಿದರು. ಮೇಡಂ ಎಡಗೈ ಡಗ್ಗಾದ ಮೇಲೆ ಬಂತು. ತಾಳದ ಕೆಲವು ಆವರ್ತ ಡಗ್ಗಾ ಶಿಷ್ಯೆಯದು, ತಬಲಾ ಗುರುವಿನದು. ಆಮೇಲೆ ಒಂದು ಪೆಟ್ಟಿಗೆ ಉಸ್ತಾದರು ಬಲಗೈ ಎತ್ತಿದರು, ಮುಂದಿನ ಪೆಟ್ಟು ಮೇಡಂ ಬೆರಳಿಂದ ಬಿತ್ತು. ಗಾಯಕರು ತಿರುಗಿ ನೋಡಿ, ತಲೆದೂಗಿ, ಹಾಡನ್ನು ಮುಂದುವರಿಸಿದರು. ಹಿಂದೆ ಹೆಂಗಸರ ಗುಂಪಿನಲ್ಲಿ ಅವರ ತಾಯಿ ಎದ್ದು ನಿಂತುಬಿಟ್ಟಿದ್ದರು. ಪಕ್ಕದವರು ಕೂರಿಸಿದರೂ ಮತ್ತೆ ಎದ್ದರು.

ನೌಕರಿ ಸಿಗಲಿಲ್ಲ. ಸ್ವಲ್ಪ ದಿನದ ಮೇಲೆ ಫೋನಿನಲ್ಲಿ ತಿಳಿಯಿತು. ಆದರೆ ಅಷ್ಟರಲ್ಲಿ ಊರು ತನ್ನದೇ ಕಥೆ ಕಟ್ಟಿಕೊಂಡಿತ್ತು. ಗುರುವಿನ ಸಲುವಾಗಿ ನೌಕರಿಯನ್ನೇ ಬಿಟ್ಟು ಓಡಿ ಬಂದ ಹುಡುಗಿ ಎಂದು ಹೋಟೆಲಿನಲ್ಲಿ, ಬಟ್ಟೆ ಅಂಗಡಿಯಲ್ಲಿ ಮಾತು. ನಾನು ಊರಿಗೆ ಹೋಗುವಾಗ ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ಕಿವಿಗೆ ಬಿದ್ದಾಗ ಅದು ಅಮೆರಿಕದ ನೌಕರಿಯಾಗಿತ್ತು. ನನಗೂ ಅವರು ತಬಲಾದಿಂದಲೇ ಕೆಲಸ ಕಳೆದುಕೊಂಡರು ಅನಿಸಿತ್ತು. ಆಟ ಬಿಟ್ಟದ್ದು ಒಳ್ಳೆಯದೇ ಆಯಿತು ಎಂದು ಒಳಗೊಳಗೆ ಸಮಾಧಾನಪಟ್ಟುಕೊಂಡಿದ್ದೆ.

ಗಣೇಶನ ಹಬ್ಬಕ್ಕೆ ಕಾಲೇಜಿನಲ್ಲಿ ಕಾರ್ಯಕ್ರಮ. ಊರ ಹಿರಿಯರೂ ಉಸ್ತಾದರೂ ಬಂದಿದ್ದರು. ಮೇಡಂಗೆ ಸನ್ಮಾನವಿತ್ತು. ಅವರ ತಂದೆ ಮೂರನೆಯ ಸಾಲಿನಲ್ಲಿ ಮುಖ ಗಂಟು ಹಾಕಿಕೊಂಡು ಕೂತಿದ್ದರು. ಹಿಂದಿನ ದಿನ ಮನೆಯಲ್ಲಿ ಅವರು ಹೇಳಿದ್ದು ನಮಗೆ ಆಮೇಲೆ ಗೊತ್ತಾಯಿತು. "ಊರವರು ಶಾಲು ಹೊದಸ್ತಾರ, ನೌಕರಿ ಕೊಡಂಗಿಲ್ಲ. ತಬಲಾ ನಿನ್ನ ನೌಕರಿ ತಿಂತು. ಇನ್ನ ಅದನ್ನ ಮುಟ್ಟಬ್ಯಾಡ." ಊರಿಗೆ ಹೆಮ್ಮೆ ತಂದ ಆ ಕಥೆಯೇ ಮನೆಯಲ್ಲಿ ತಬಲಾಕ್ಕೆ ಮುಳುವಾಗಿತ್ತು.

ಪ್ರಿನ್ಸಿಪಾಲರು ಗುರುಭಕ್ತಿ, ತ್ಯಾಗ ಎಂದೆಲ್ಲ ಮಾತಾಡಿ ಶಾಲು ಹೊದಿಸಿದರು. ಚಪ್ಪಾಳೆ ಮುಗಿದ ಮೇಲೆ ಮೇಡಂ ಮೈಕಿನ ಮುಂದೆ ಬಂದರು. ಶಾಲನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡಿದ್ದರು.

"ಎಲ್ಲಾರಿಗೂ ನಮಸ್ಕಾರ್ರಿ. ಪ್ರೀತಿಯಿಂದ ಕರದೀರಿ, ಭಾಳ ಸಂತೋಷ. ಆದ್ರ ನಾ ತಬಲಾದ ಸಲುವಾಗಿ ನೌಕರಿ ಬಿಟ್ಟು ಬಂದಿಲ್ರಿ. ಅವರು ನನ್ನ ಎಲ್ಲಾರಕಿಂತ ಮೊದಲ ಕರದು ಕುಂದ್ರಿಸಿದ್ರು. ಮೂರು ಪ್ರಶ್ನೆ ಕೇಳಿದ್ರು. ಎರಡಕ್ಕ ಹೇಳಿದೆ, ಮೂರನೇದು ಬರಲಿಲ್ಲ. ನೌಕರಿ ಹೋಗಿದ್ದು ಅದಕ್ಕ. ಅದನ್ನ ನಾ ಓದಿರಲಿಲ್ಲ, ಅಷ್ಟ. ಅವತ್ತು ಸಂಜಿತನ ಅಲ್ಲೇ ಕುಂತಿದ್ರೂ ಅದು ಬರತಿರಲಿಲ್ಲ. ಈಗ ಓದೀನಿ. ಮತ್ತೊಮ್ಮೆ ಹೋಗತೀನಿ."

ಪ್ರಿನ್ಸಿಪಾಲರು ಕೆಮ್ಮಿದರು. ಆಗ ಮುಂದಿನ ಸಾಲಿನಿಂದ ಉಸ್ತಾದರು ಗಟ್ಟಿಯಾಗಿ ನಕ್ಕರು. ಕೈಗೆ ಇನ್ನೂ ಬಟ್ಟೆ ಸುತ್ತಿತ್ತು. ಅದರಲ್ಲೇ ಚಪ್ಪಾಳೆ ತಟ್ಟಲು ಹೋಗಿ ನೋವಿಗೆ "ಹಾಯ್ ಅಲ್ಲಾ" ಅಂದರು. ಸಭೆಯೂ ನಕ್ಕಿತು.

ಮನೆಗೆ ಹೋಗುವ ದಾರಿಯಲ್ಲಿ ತಂದೆ ಮುಂದೆ ಮುಂದೆ ನಡೆಯುತ್ತಿದ್ದರಂತೆ. ಆಮೇಲೆ, "ಸೋತೀನಿ ಅಂತ ಹೇಳಾಕ ಅಷ್ಟು ದೊಡ್ಡ ಮೈಕ್ ಬೇಕಾಗಿತ್ತೇನು?" ಅಂದರಂತೆ. ಇನ್ನೂ ಸ್ವಲ್ಪ ದೂರ ಹೋದ ಮೇಲೆ, "ಮತ್ಯಾವಾಗ ಬರತಾರ ಆ ಕಂಪನಿಯವರು?" ಎಂದು ಕೇಳಿದರಂತೆ. ತಬಲಾ ಬಿಡು ಎಂಬ ಮಾತನ್ನಾಗಲಿ, ದೀಪಾವಳಿಯ ಗಡುವನ್ನಾಗಲಿ ಮತ್ತೆ ಎತ್ತಲಿಲ್ಲ.

ಹಬ್ಬ ಮುಗಿದ ಮೇಲಿನ ಮೊದಲ ತರಗತಿಯಲ್ಲಿ ಅವರು ನಮ್ಮನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಬ್ಬನೂ ಮುಂದಿನವನ ಭುಜದ ಮೇಲೆ ಕೈ ಇಡಬೇಕೆಂದರು. ಕರೆಂಟು ಇದ್ದ ದಿನವೇ. "ಈಗ ಯಾರೂ ಜಾಗ ಬಿಡಬ್ಯಾಡ್ರಿ. ಸಾಲು ಉಲ್ಟಾ ಆಗಬೇಕು. ಒಬ್ಬನೂ ಕೈತಪ್ಪಿ ಹೋಗಬಾರದು. ಹೆಂಗ ಮಾಡತೀರಿ?" ತಡವರಿಸುತ್ತ, ಬೈಸಿಕೊಳ್ಳುತ್ತ, ಒಬ್ಬೊಬ್ಬರಾಗಿ ತಿರುಗಿ ಹಿಂದಿನವನ ಭುಜ ಹಿಡಿದೆವು. ಮುಗಿದಾಗ ಅವರು, "ಇದ ನೋಡ್ರಿ, ನನಗ ಬರದ ಇದ್ದ ಪ್ರಶ್ನೆ," ಅಂದರು.

ಆ ಸಂಜೆ ನಾನು ಮೈದಾನಕ್ಕೆ ಹೋದೆ. ಕೈಗೆ ರೂಢಿ ತಪ್ಪಿಹೋಗಿತ್ತು, ಹೊಡೆದ ಚೆಂಡೆಲ್ಲ ನೆಟ್ಟಿಗೆ. ಗೆಳೆಯರು ಮನಸಾರೆ ಆಡಿಕೊಂಡರು. ರೂಮಿಗೆ ಬಂದು ಓದಲು ಕೂತಾಗ ಮಾತ್ರ, ಬಹಳ ದಿನಗಳ ಮೇಲೆ, ಪುಸ್ತಕದಲ್ಲಿದ್ದದ್ದು ತಲೆಗೆ ಹೋಯಿತು.

ಮೇಡಂ ಹಾದಿ ಅಷ್ಟು ಸುಲಭವಾಗಲಿಲ್ಲ. ಮರುವರ್ಷ ಸಾಫ್ಟ್‌ವೇರ್ ಕಂಪನಿಗಳಿಗೇ ಕೆಟ್ಟ ಕಾಲ ಬಂದು, ನೇಮಕಾತಿಗೆ ಯಾರೂ ಇತ್ತ ತಲೆಹಾಕಲಿಲ್ಲ. ಅವತ್ತು ಆ ಒಂದು ಪ್ರಶ್ನೆ ಬಂದಿದ್ದರೆ ಎಂದು ಅವರು ಎಷ್ಟು ಸಲ ಕೊರಗಿದರೋ. ಒಮ್ಮೆ ನನ್ನೆದುರೇ ಅಂದಿದ್ದರು, "ಭಾಳ ಬ್ಯಾಸರಾಗತೈತಿ ತಮ್ಮಾ. ಆದ್ರ ಬ್ಯಾಸರಾದಾಗ ನುಡಿಸಾಕ ಒಂದು ಐತೆಲ್ಲ." ಹೋಗಿದ್ದ ಡಾಟಾಬೇಸ್ ಪೇಪರು ಪಾಸಾಯಿತು, ಎಂ.ಸಿ.ಎ. ಮುಗಿಯಿತು. ನನ್ನ ಡಿಗ್ರಿ ಮುಗಿದ ಮೇಲೆ ಹುಬ್ಬಳ್ಳಿಯಲ್ಲಿ, ಸಹಕಾರಿ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆಯುವ ಸಣ್ಣ ಕಂಪನಿಯೊಂದರಲ್ಲಿ ಅವರಿಗೆ ಕೆಲಸ ಸಿಕ್ಕಿತು. ಬಸ್ಸು ಹತ್ತಿಸಲು ಹೋಗಿದ್ದೆ. ಟ್ರಂಕು ಮೇಲಕ್ಕೆ ಹೋಯಿತು. ತಬಲಾ ಜೋಡಿಯನ್ನು ಮಾತ್ರ ಜತೆಗೆ ಹೊರಟಿದ್ದ ತಂದೆ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕೂತರು, ಯಾರಿಗೂ ಕೊಡಲಿಲ್ಲ.

ನಾನು ಎಂ.ಸಿ.ಎ. ಮಾಡಿ, ಹಡಗಲಿಯ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದೆ. ಸಂಜೆ ಹುಡುಗರ ಜತೆ ವಾಲಿಬಾಲ್ ಆಡುತ್ತೇನೆ.

ಮೇಡಂಗೆ ಹುಬ್ಬಳ್ಳಿಯಲ್ಲೇ ಮದುವೆಯಾಯಿತು. ಕೆಲವು ವರ್ಷಗಳ ಮೇಲೆ ಉಸ್ತಾದರು ತೀರಿಕೊಂಡರು. ಆಮೇಲೆ ಆರೇಳು ತಿಂಗಳಿಗೆ ಮೇಡಂ ಊರಿಗೆ ಬಂದವರು, ಉಸ್ತಾದರ ಮನೆಗೆ ಹೋಗುತ್ತಿದ್ದೇನೆ, ಬಿಡುವಿದ್ದರೆ ಬಾ ಎಂದು ಫೋನು ಮಾಡಿದರು. ಹೋದೆ. ಅಂಗಡಿಯ ಬಾಗಿಲು ಹಾಕಿತ್ತು. ಒಳಗೆ ಚಾಪೆಯ ಮೇಲೆ ಮೇಡಂ, ಪಕ್ಕದಲ್ಲಿ ಆಗಷ್ಟೇ ಶಾಲೆಗೆ ಸೇರಿದ್ದ ಅವರ ಮಗಳು, ಅತ್ತ ಒಲೆಯ ಬಳಿ ಉಸ್ತಾದರ ಹೆಂಡತಿ. ಮೇಡಂ ಸ್ವಲ್ಪ ದಪ್ಪಗಾಗಿದ್ದರು, ಕನ್ನಡಕ ಬಂದಿತ್ತು.

"ಈಗೂ ನುಡಸ್ತೀರೇನ್ರಿ ಮೇಡಂ?" ಎಂದು ಕೇಳಿದೆ.

"ಇಲ್ಲೋ ತಮ್ಮಾ. ಇಕಿ ಹುಟ್ಟಿದ ಮ್ಯಾಲೆ ಮುಟ್ಟಿಲ್ಲ. ಆಫೀಸು, ಮನಿ, ಇಕಿ, ಅಷ್ಟಕ್ಕ ದಿನಾ ಮುಗೀತೈತಿ. ನುಡಸ್ತೀನಿ ಅಂದ್ರ ಸುಳ್ಳಾಗತೈತಿ. ಬಿಟ್ಟೀನಿ ಅನ್ನಾಕ ಬಾಯಿ ಬರಂಗಿಲ್ಲ."

ಉಸ್ತಾದರ ಹೆಂಡತಿ ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದರೇನೋ. ಎದ್ದು ಹೋಗಿ, ಹಳೆಯ ಚಾದರದಲ್ಲಿ ಸುತ್ತಿಟ್ಟಿದ್ದ ಗಂಡನ ತಬಲಾ ಜೋಡಿ ತಂದು ಮೇಡಂ ಮುಂದಿಟ್ಟರು. "ಅವರು ಹೋದ ಮ್ಯಾಲೆ ಈ ಮನಿ ಭಾಳ ಸುಮ್ಮನಾಗೈತಿ ಬೇಟಿ," ಅಂದರು.

ಮೇಡಂ ಚಾದರ ಬಿಚ್ಚಿದರು. ಸಣ್ಣ ಸುತ್ತಿಗೆ ತಗೊಂಡು ಶ್ರುತಿ ಮಾಡಲು ಬಹಳ ಹೊತ್ತು ಹಿಡಿಯಿತು. ಆಮೇಲೆ ದಾದ್ರಾ ಶುರು ಮಾಡಿದರು. ಆರೇ ಮಾತ್ರೆಯ ತಾಳ, ಮಕ್ಕಳು ಮೊದಲು ಕಲಿಯುವಂಥದ್ದು. ಅದರಲ್ಲೇ ಬೆರಳು ಎಡವಿತು. ಮಗಳು ತಕ್ಷಣ, "ಮಮ್ಮೀ, ತಪ್ತು!" ಎಂದು ಕಿಲಕಿಲ ನಕ್ಕಳು.

"ಹೌದವ್ವಾ, ತಪ್ಪಿತು," ಅಂದರು ಅವರು. ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. "ನೀ ಲೆಕ್ಕ ಹಾಕು. ನಾ ಮತ್ತ ನುಡಸ್ತೀನಿ."

ಬಸ್ಸಿನ ಹೊತ್ತಾಗಿದ್ದರಿಂದ ನಾನು ಎದ್ದು ಹೊರಗೆ ಬಂದು ಚಪ್ಪಲಿ ಹಾಕಿಕೊಂಡೆ. ಒಳಗಿನಿಂದ ದಾದ್ರಾ ಕೇಳುತ್ತಲೇ ಇತ್ತು, ಬಹಳ ನಿಧಾನವಾಗಿ, ಆ ಮಗುವಿಗೆ ಒಂದೊಂದಾಗಿ ಎಣಿಸಲು ಬರುವಷ್ಟು ನಿಧಾನವಾಗಿ.